ಕೈಮರಗಳೆಲ್ಲ ಮೂಡಣಕ್ಕೆ ತಿರುಗಿದಾಗ

ನಮ್ಮ ಊರಿನ ಕೈಮರಗಳು ಯಾವ ಊರಿಗೂ ದಾರಿ ತೋರಿಸುವುದಿಲ್ಲ. ನಾಲ್ಕು ಬೀದಿ ಕೂಡುವ ಕಡೆಯಲ್ಲೆಲ್ಲ ಒಂದು ಕಲ್ಲುಕಂಬ, ಕಂಬದ ತಲೆಯ ಮೇಲೆ ಒಂದೇ ಒಂದು ಮರದ ಕೈ. ಒಂದರ ಕೈ ಕೆರೆಯ ಕಡೆಗಿದ್ದರೆ ಇನ್ನೊಂದರದು ಯಾರದೋ ಹಿತ್ತಲ ಕಡೆಗೆ. ಹೊಸಬರು ಅದನ್ನು ನಂಬಿ ನಡೆದು ಸೀದಾ ನಮ್ಮ ಕೊಟ್ಟಿಗೆಯೊಳಗೆ ಬಂದು ನಿಂತು, ಬಸ್‌ ಸ್ಟ್ಯಾಂಡ್ ಇದೇ ತಾನೆ ಎಂದು ಹಸುವನ್ನು ಕೇಳಿದ್ದುಂಟು. ಕೈಮರದ ಕೆಲಸವೇ ಬೇರೆ. ಕೈ ಚಾಚಿದ ಕಡೆಗೆ ನೆಲ ಏರುತ್ತದೆ, ಬೆನ್ನ ಕಡೆಗೆ ಇಳಿಯುತ್ತದೆ. ಏರಿದ ಕಡೆ ಬಣ್ಣ ಗಾಢ, ಇಳಿದ ಕಡೆ ತೆಳು. ಎರಡು ಕಂಬಗಳ ನಡುವೆ ಒಂದರ ಮಾತು ನಿಧಾನವಾಗಿ ಕಡಿಮೆಯಾಗಿ ಇನ್ನೊಂದರ ಮಾತು ನಡೆಯತೊಡಗುತ್ತದೆ. ಎಲ್ಲಿ ಇದು ಮುಗಿದು ಅದು ಶುರುವಾಯಿತೆಂದು ಗೆರೆ ಎಳೆದು ತೋರಿಸಲು ಯಾರಿಂದಲೂ ಆಗುವುದಿಲ್ಲ. ಅಂಗಳದ ಮೂಲೆಗಳಲ್ಲಿ ಮೊಣಕಾಲೆತ್ತರದ ಕೈಗಳಿವೆ, ಒಲೆಯ ಅಕ್ಕಪಕ್ಕ ಬೆರಳುದ್ದದವು. ಬೀದಿಯವು ದಿಣ್ಣೆ ತಗ್ಗುಗಳನ್ನೂ ಮೇಲಿನ ಮೋಡಗಳನ್ನೂ ನೋಡಿಕೊಳ್ಳುತ್ತವೆ. ಅಂಗಳದವು ಗೋಡೆಯ ಕಲೆಗಳನ್ನು, ಹಸುವಿನ ಮೈಯ ಮಚ್ಚೆಗಳನ್ನು. ಒಲೆ ಪಕ್ಕದವಕ್ಕೆ ದೋಸೆಯ ಕೆಂಪು ಸೇರಿದ್ದು.

ನಾನು ಮದುವೆಯಾಗಿ ಬಂದದ್ದು ಮೇಲ್ಬೀದಿಯ ದಿಣ್ಣೆಮನೆಗೆ. ಊರಿನಲ್ಲಿ ಅಷ್ಟು ಎತ್ತರದಲ್ಲಿದ್ದ ಮನೆ ಇನ್ನೊಂದಿರಲಿಲ್ಲ. ನಮ್ಮತ್ತೆ ದೊಡ್ಡತಾಯಮ್ಮ ಅದನ್ನು ತಾವೇ ಹೊತ್ತು ತಂದು ಅಲ್ಲಿಟ್ಟ ಹಾಗೆ ಮಾತಾಡುತ್ತಿದ್ದರು. ಸೇರು ಒದ್ದು ಒಳಗೆ ಬಂದ ದಿನವೇ ಅವರು ನನಗೆ ಹೇಳಿದ ಮೊದಲ ಮಾತು, ನಿಮ್ಮಪ್ಪನ ಮನೆ ಹಾಗೆ ಇಲ್ಲಿ ನೀರು ನಿಲ್ಲುವುದಿಲ್ಲ ಎಂದು. ನಮ್ಮಪ್ಪನ ಮನೆಯಲ್ಲಿ ನೀರು ನಿಲ್ಲುತ್ತಿರಲಿಲ್ಲ ಎಂದು ನಾನು ಹೇಳಿದೆ. ಅಲ್ಲಿಂದ ಶುರುವಾದ ಮಾತು ಮಕ್ಕಳಾಗಿ, ಮಕ್ಕಳ ಮದುವೆಯಾಗಿ, ಅತ್ತೆಯ ಎರಡು ಕಣ್ಣಿಗೂ ಪೊರೆ ಬಂದ ಮೇಲೂ ನಿಂತಿರಲಿಲ್ಲ. ನನ್ನ ಗಂಡ ಶಿವನಂಜಪ್ಪ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದವರು. ನಾವಿಬ್ಬರೂ ಮಾತಿಗೆ ಕೂತರೆ ಅವರು ಕಡ್ಡಾಯವಾಗಿ ಹಸುವಿಗೆ ನೀರು ತೋರಿಸಲು ಹೋಗುತ್ತಿದ್ದರು. ನಮ್ಮ ಹಸುವಿನಷ್ಟು ನೀರು ಕುಡಿದ ಹಸು ಆ ಸೀಮೆಯಲ್ಲಿ ಇರಲಿಕ್ಕಿಲ್ಲ.

ಕಣ್ಣಿಗೆ ಪೊರೆ ಬಂದ ಮೇಲೂ ಅತ್ತೆ ಮನೆಯಲ್ಲಿ ಕೂತವರಲ್ಲ. ಬೆಳಿಗ್ಗೆ ಕೋಲು ಹಿಡಿದು ಎಲೆಯಡಿಕೆ ಅಂಗಡಿಗೆ ಹೋಗಿ, ಅಲ್ಲಿದ್ದವರ ಮನೆಯ ಸುದ್ದಿಯನ್ನೆಲ್ಲ ತಿಳಿದುಕೊಂಡು ವಾಪಸಾಗುತ್ತಿದ್ದರು. ಬರುವ ದಾರಿಯಲ್ಲಿ ಮೊದಲು ಸಿಗುವುದು ಕೆಳಬೀದಿ. ಅಲ್ಲಿ ನೆಲ ತಗ್ಗು. ಆಮೇಲೆ ಏರು. ಏರು ಮುಗಿದ ಕಡೆ ನಮ್ಮ ಬೀದಿ, ತಿರುಗಿದರೆ ನಮ್ಮ ಮನೆ. ಅವರ ಪಾದಕ್ಕೆ ಅದೆಲ್ಲ ಬಾಯಿಪಾಠವಾಗಿತ್ತು. ಒಮ್ಮೆ ಕೈ ಹಿಡಿದುಕೊಂಡು ಬರಲು ಹೋದ ನನ್ನನ್ನು, ಕಣ್ಣಿದ್ದವಳು ನೀನೇ ಎಡವುತ್ತೀಯ ನನ್ನನ್ನೇನು ಹಿಡಿಯುತ್ತೀಯ ಎಂದು ಬೀದಿಯಲ್ಲೇ ಬೈದಿದ್ದರು. ಆ ಹೊತ್ತಿಗೆ ಸರಿಯಾಗಿ ನಾನು ಎಡವಿದ್ದೆ, ಅದು ಬೇರೆ ಮಾತು.

ಕೈಮರವನ್ನು ಯಾರೂ ಮುಟ್ಟಕೂಡದು ಎನ್ನುವುದು ಊರಿನ ಹಳೆಯ ಕಟ್ಟಳೆ. ಅದನ್ನು ಮೊದಲು ಮುರಿದವರು ಕೆಳಬೀದಿಯವರು. ಅವರನ್ನು ಬೈದು ಪ್ರಯೋಜನವಿಲ್ಲ. ಆ ವರ್ಷ ಬಿದ್ದ ಮಳೆಗೆ ಮೇಲ್ಬೀದಿಯ ತಿಪ್ಪೆಯೆಲ್ಲ ಹರಿದು ಅವರ ನಡುಮನೆಗೆ ಹೋಗಿ ಕೂತಿತ್ತು. ಅವರು ಎರಡು ಬೀದಿಯ ನಡುವಿನ ಕಂಬ ಹತ್ತಿ ಕೈಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಮಾರನೆಯ ಬೆಳಿಗ್ಗೆ ದಿಣ್ಣೆ ಅವರದು, ತಗ್ಗು ನಮ್ಮದು, ತಿಪ್ಪೆಯೂ ನಮ್ಮದು. ನಮ್ಮವರು ಸುಮ್ಮನಿರುತ್ತಾರೆಯೇ? ಅವರೂ ಹತ್ತಿದರು. ಹೀಗೆ ಆ ಕೈ ದಿನಕ್ಕೊಂದು ಕಡೆ ತಿರುಗುತ್ತ, ಒಂದು ಬೆಳಿಗ್ಗೆ ಹೊಸ್ತಿಲು ದಾಟಿದರೆ ಮೂರಡಿ ಕೆಳಗೆ ಬೀಳುವುದು, ಇನ್ನೊಂದು ಬೆಳಿಗ್ಗೆ ಬಾಗಿಲೇ ತೆರೆಯದೆ ಕಿಟಕಿಯಿಂದ ಹೊರಬರುವುದು ನಡೆಯಿತು. ಸೈಕಲ್ ಶಾಪಿನ ಇಮಾಂ ಸಾಬರು ಎರಡು ಬೀದಿಯವರನ್ನೂ ಕೂರಿಸಿ ಬುದ್ಧಿ ಹೇಳಿ ಸೋತರು. ಸಾಬರ ಅಂಗಡಿ ಕಂಬಕ್ಕೆ ಅಂಟಿಕೊಂಡೇ ಇತ್ತು. ಕಂಬದ ಬುಡದಲ್ಲಿ, ಕೈ ಯಾವ ಕಡೆ ತಿರುಗಿದರೂ ಏರೂ ಇಲ್ಲ, ಇಳಿಜಾರೂ ಇಲ್ಲ. ಸಾಬರ ನೆಲ ಸಮ, ಗೋಡೆ ಒಂದೇ ಬಣ್ಣ, ಅವರ ಬೆಕ್ಕು ಕೂಡ ಮೂಗಿನಿಂದ ಬಾಲದವರೆಗೆ ಒಂದೇ ಬೂದಿ ಬಣ್ಣ. ಹಾಗಾಗಿ ಊರಿನ ನ್ಯಾಯಗಳೆಲ್ಲ ಅವರ ಅಂಗಡಿ ಮುಂದೆಯೇ ಆಗುತ್ತಿದ್ದವು. ಕುರ್ಚಿ ಅಲ್ಲಾಡದ ಜಾಗ ಅದೊಂದೇ ಎನ್ನುವುದೂ ಒಂದು ಕಾರಣ.

ಇಂಥ ಹೊತ್ತಿನಲ್ಲಿ ಊರಿನ ಪಂಚಾಯಿತಿಗೆ ಅಧ್ಯಕ್ಷರಾಗಿ ಬಂದವರು ಡ್ರಿಲ್ ಮೇಷ್ಟ್ರು ಕಾಳಿಂಗಯ್ಯನವರು. ಕೆಲಸದಿಂದ ನಿವೃತ್ತರಾದರೂ ಕೊರಳಿನ ಸೀಟಿ ನಿವೃತ್ತವಾಗಿರಲಿಲ್ಲ. ಒಳ್ಳೆಯವರು, ಒಂದು ಕಾಸಿಗೆ ಆಸೆಪಟ್ಟವರಲ್ಲ. ಆದರೆ ಸಾಲು ತಪ್ಪಿದ್ದನ್ನು ನೋಡಿದರೆ ಅವರಿಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಮದುವೆ ಮನೆಗೆ ಹೋದರೆ ಊಟಕ್ಕೆ ಮೊದಲು ಹೊರಗಿನ ಚಪ್ಪಲಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿಟ್ಟೇ ಒಳಗೆ ಬರುತ್ತಿದ್ದರು. ಅವರು ಸಾಬರ ಅಂಗಡಿ ಮುಂದೆ ನಿಂತು ಹೇಳಿದ್ದು ನನಗೆ ಇನ್ನೂ ನೆನಪಿದೆ.

“ನೋಡ್ರಪ್ಪಾ, ಒಂದೊಂದು ಕೈ ಒಂದೊಂದು ಕಡೆ ನೋಡ್ತಾ ಇರೋದ್ರಿಂದ ತಾನೆ ಇಷ್ಟೆಲ್ಲಾ ರಾಮಾಯಣ? ಊರಲ್ಲಿರೋ ಕೈನೆಲ್ಲಾ ಮೂಡಣಕ್ಕೆ ತಿರುಗಿಸಿಬಿಡೋಣ. ಬೀದೀವೂ, ಅಂಗಳದವೂ, ಒಲೆ ಪಕ್ಕದವೂ. ಆಗ ಎಲ್ಲಾ ಬೀದಿಗೂ ಒಂದೇ ನ್ಯಾಯ. ನಿನ್ನ ಬೀದಿ ಮೇಲೆ ನನ್ನ ಬೀದಿ ಕೆಳಗೆ ಅನ್ನೋ ಮಾತೇ ಇರಲ್ಲ.”

ಯಾರಿಗೂ ತಪ್ಪು ಕಾಣಲಿಲ್ಲ. ಕೆಳಬೀದಿಯವರಿಗೆ ಮೇಲ್ಬೀದಿಯವರ ದಿಣ್ಣೆ ಹೋಗುವುದು ಸಂತೋಷ, ಮೇಲ್ಬೀದಿಯವರಿಗೆ ಕೆಳಬೀದಿಯವರ ಬಾಯಿ ಮುಚ್ಚುವುದು ಸಂತೋಷ. ಅತ್ತೆ ಒಬ್ಬರೇ, ದಿಣ್ಣೆಮನೆ ಅಂತ ಇನ್ನು ಯಾವ ಮನೆಯನ್ನು ಕರೆಯುತ್ತೀರಿ ಎಂದು ಕೇಳಿದರು. ಮೇಷ್ಟ್ರು ಸೀಟಿ ಊದಿದರು. ಸಂಜೆಯೊಳಗೆ ಊರಿನ ಕೈಗಳೆಲ್ಲ ಮೂಡಣಕ್ಕೆ ತಿರುಗಿದವು. ನನ್ನ ಒಲೆ ಪಕ್ಕದವನ್ನು ನಾನೇ ತಿರುಗಿಸಿದೆ.

ಮಾರನೆಯ ಬೆಳಿಗ್ಗೆ ಎದ್ದು ನೋಡಿದರೆ ಊರಿಗೆ ಊರೇ ಜಮಖಾನ ಹಾಸಿದಂತಿತ್ತು. ಗೋಡೆಯ ಮೇಲೆ ಒಂದು ಕಪ್ಪು ಪಟ್ಟೆ, ಒಂದು ಬಿಳಿ ಪಟ್ಟೆ. ಅಂಗಳದಲ್ಲಿ ಹಾಗೇ. ಹಸುವಿನ ಪಕ್ಕೆಯಲ್ಲಿ ಕುಂಬಳದ ಎಲೆಯ ಹಾಗಿದ್ದ ದೊಡ್ಡ ಮಚ್ಚೆ ಕರಗಿ, ಕೊರಳಿನಿಂದ ಬಾಲದವರೆಗೆ ಅಡ್ಡಡ್ಡ ಪಟ್ಟೆ ಎದ್ದಿದ್ದವು. ಅದು ತನ್ನನ್ನು ತಾನೇ ತಿರುಗಿ ನೋಡಿಕೊಳ್ಳುತ್ತ ಮೇವು ಮುಟ್ಟದೆ ನಿಂತಿತ್ತು. ಮೇಲೆ ಮೋಡಗಳು ಒಗೆದು ಹರವಿದ ಪಂಚೆಗಳ ಹಾಗೆ ಸಾಲಾಗಿ ಹೋಗುತ್ತಿದ್ದವು. ಹೆಂಚಿಗೆ ಹಿಟ್ಟು ಹೊಯ್ದರೆ ದೋಸೆಯ ಮೇಲೂ ಪಟ್ಟೆ. ನನ್ನ ಗಂಡ ಮೊದಲು ಕೆಂಪು ಪಟ್ಟೆಗಳನ್ನು ಹರಿದು ತಿಂದು, ಆಮೇಲೆ ಬಿಳಿಯವಕ್ಕೆ ಚಟ್ನಿ ಹಾಕಿಸಿಕೊಂಡರು. ಚೆನ್ನಾಗಿದೆ ಎಂದರು. ಅವರು ಯಾವುದನ್ನೂ ಚೆನ್ನಾಗಿಲ್ಲ ಎಂದವರಲ್ಲ.

ಬೀದಿಗಳದು ಇನ್ನೂ ಚಂದ. ಕಂಬ ಬಿಟ್ಟೊಡನೆ ಒಂದು ಉಬ್ಬು, ಆಮೇಲೆ ಒಂದು ತಗ್ಗು, ಮುಂದಿನ ಕಂಬದ ಹೊತ್ತಿಗೆ ಸಮ. ಮತ್ತೆ ಉಬ್ಬು, ಮತ್ತೆ ತಗ್ಗು. ಮೂಡಣಕ್ಕೆ ನಡೆಯುವವರೆಲ್ಲ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತಿದ್ದರು. ಮೇಷ್ಟ್ರು ಕಚೇರಿಯ ಜಗಲಿಯಲ್ಲಿ ನಿಂತು ಅದನ್ನು ನೋಡಿ ಕಣ್ಣೊರೆಸಿಕೊಂಡರಂತೆ. ಮೂವತ್ತು ವರ್ಷ ಕಿರುಚಿದರೂ ಶಾಲೆಯ ಮಕ್ಕಳಿಂದ ಹಾಕಿಸಲಾಗದ ಹೆಜ್ಜೆಯನ್ನು ಈಗ ಊರಿಗೆ ಊರೇ ಹಾಕುತ್ತಿತ್ತು. ಗಾಡಿಯ ಎತ್ತುಗಳಿಗೆ ಮಾತ್ರ ಅರ್ಧ ದಾರಿಯಲ್ಲೇ ತಲೆ ತಿರುಗಿ ಅವು ಕೂತುಬಿಡುತ್ತಿದ್ದವು.

ಮೊದಲು ತಪ್ಪಿಸಿಕೊಂಡವು ಹಸುಗಳು. ಮೇಯಲು ಹೋದವು ಸಂಜೆ ಯಾವ ಕೊಟ್ಟಿಗೆ ಸಿಕ್ಕಿದರೆ ಆ ಕೊಟ್ಟಿಗೆಗೆ ನುಗ್ಗಿದವು, ನಮಗೂ ಅವನ್ನು ಗುರುತಿಸುವ ದಾರಿಯಿರಲಿಲ್ಲ. ನಮ್ಮ ಮನೆಗೆ ಬಂದದ್ದು ಬೆಳಿಗ್ಗೆ ಹಾಲು ಕೊಟ್ಟು ಸಂಜೆ ಒದೆಯುವ ಹಸು, ಹಾಗಾಗಿ ಅದು ನಮ್ಮದಲ್ಲ ಎಂದು ತಿಳಿಯಿತು. ನಮ್ಮದು ಎರಡು ಹೊತ್ತೂ ಒದೆಯುತ್ತಿತ್ತು. ಆಮೇಲೆ ಗಂಡಸರು. ನನ್ನ ಗಂಡ ಒಂದು ಮಧ್ಯಾಹ್ನ ಅಂಗಡಿಯಿಂದ ಬಂದು ಬೇರೆ ಯಾರದೋ ಮನೆಯ ಹಲಗೆಯ ಮೇಲೆ ಕೂತು ಉಂಡು, ಕೇಳದೆಯೇ ಇನ್ನೊಂದು ಸೌಟು ಅನ್ನ ಬಡಿಸಿದಾಗ ಅನುಮಾನ ಬಂದು ತಲೆಯೆತ್ತಿ ನೋಡಿದರಂತೆ. ಇದನ್ನು ಅವರೇ ನನಗೆ ಹೇಳಿದರು. ಹೇಳಬಾರದಿತ್ತು.

ಅತ್ತೆ ಎಲೆಯಡಿಕೆಗೆ ಹೋದವರು ವಾಪಸು ಬರದ ದಿನ ನಾನು ಮೊದಮೊದಲು ಗಾಬರಿಯಾಗಲಿಲ್ಲ. ಎಲ್ಲೋ ಯಾರದೋ ಸೊಸೆಯ ಸುದ್ದಿ ಉದ್ದವಾಗಿರಬೇಕು ಎಂದುಕೊಂಡೆ. ಊಟದ ಹೊತ್ತು ಮೀರಿದಾಗ ಚಪ್ಪಲಿ ಮೆಟ್ಟಿದೆ. ಕೆರೆಯ ಏರಿ ನೋಡಿದೆ, ಬಾವಿ ನೋಡಿದೆ. ಬಾವಿಯೊಳಗೆ ಬಗ್ಗಿ ಕೂಗಿದಾಗ ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು. ಕಡೆಗೆ ಸಿಕ್ಕಿದ್ದು ಕೆಳಬೀದಿಯಲ್ಲಿ, ನಮ್ಮ ಮನೆಯ ನೇರ ಹಿಂದೆ ಬರುವ ಪಂಕಜಳ ಮನೆಯಲ್ಲಿ. ಪಂಕಜಳ ಗಂಡ ಲಾರಿ ಓಡಿಸುವವನು, ಮನೆಯಲ್ಲಿದ್ದದ್ದಕ್ಕಿಂತ ಇಲ್ಲದ್ದೇ ಹೆಚ್ಚು. ಅವಳಿಗೆ ಅತ್ತೆ ಮಾವ ಇರಲಿಲ್ಲ. ನೆರೆಯವರೊಡನೆ ಗಟ್ಟಿಯಾಗಿ ಒಂದು ಮಾತಾಡಿದ್ದನ್ನೂ ನಾವು ಕೇಳಿರಲಿಲ್ಲ. ಅತ್ತೆ ಅವಳ ಜಗಲಿಯಲ್ಲಿ ದಿಂಬಿಗೆ ಒರಗಿಕೊಂಡಿದ್ದರು, ಅವಳು ಅವರ ಕಾಲಿಗೆ ಎಣ್ಣೆ ಹಚ್ಚುತ್ತಿದ್ದಳು. ನಾನು ಇಷ್ಟು ವರ್ಷದಲ್ಲಿ ಹಚ್ಚಿರಲಿಲ್ಲವೆಂದಲ್ಲ. ಹಚ್ಚುವಾಗ ಇಬ್ಬರೂ ಬೈದಾಡಿಕೊಳ್ಳುತ್ತಿದ್ದೆವು.

“ಅತ್ತೆಮ್ಮ, ಏಳಿ, ಇದು ನಮ್ಮನೆಯಲ್ಲ,” ಎಂದೆ.

“ಯಾರೇ ಅದು?” ಎಂದರು ಅತ್ತೆ. “ತಗ್ಗು ಮುಗಿದ ಮೇಲೆ ಉಬ್ಬು, ಉಬ್ಬಿನ ನೆತ್ತೀಲಿ ಬಾಗಿಲು. ಕೆಳಬೀದಿ ದಾಟಿದ್ರೆ ಏರು ಸಿಗಬೇಕು, ಸಿಗಲಿಲ್ಲ, ಅಂದ್ರೆ ನಾನಿನ್ನೂ ದಾಟಿಲ್ಲ ಅಂತ ಲೆಕ್ಕ ಹಾಕಿ ತಿರುಗಿದೀನಿ. ನನ್ ಪಾದ ಸುಳ್ಳು ಹೇಳಲ್ಲ. ಇದೇ ನನ್ ಮನೆ.”

ಆ ಲೆಕ್ಕ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಮನೆ ನಮ್ಮದಲ್ಲ ಎಂದು ತೋರಿಸಲು ಸುತ್ತಲೂ ನೋಡಿದೆ. ಗೋಡೆಯ ಪಟ್ಟೆ ನಮ್ಮ ಗೋಡೆಯ ಪಟ್ಟೆ. ಅಂಗಳದ ಪಟ್ಟೆ ನಮ್ಮ ಅಂಗಳದ ಪಟ್ಟೆ. ಕೊಟ್ಟಿಗೆಯಲ್ಲಿ ನಿಂತು ಒದೆಯಲು ಕಾಲೆತ್ತಿದ್ದು ನಮ್ಮ ಹಸುವೇ ಇರಬೇಕು. ಪಂಕಜಳನ್ನು ಕೇಳಿದರೆ ಅವಳು, ಅಜ್ಜಿ ಹಾಗೆ ಹೇಳಿದರೆ ಹಾಗೇ ಇರಬಹುದಕ್ಕ ಎಂದು ಮೆಲ್ಲಗೆ ಅಂದಳು. ನನ್ನ ಮನೆ ನನ್ನದೆನ್ನಲು ನನ್ನ ಬಳಿ ಏನೂ ಇಲ್ಲ ಎಂಬುದು ಆಗ ಹೊಳೆದು, ಜಗಲಿಯ ಅಂಚಿನಲ್ಲಿ ಕುಕ್ಕರಿಸಿಬಿಟ್ಟೆ. ಅವಳು ನನಗೂ ಮಜ್ಜಿಗೆ ತಂದುಕೊಟ್ಟಳು. ಮಜ್ಜಿಗೆ ಚೆನ್ನಾಗಿತ್ತು, ಅದು ಇನ್ನೂ ಉರಿಸಿತು.

ಗಂಡ ಹೋಗಿ ಕರೆದರು. ಅತ್ತೆ ಅವರಿಗೆ ಎಲೆಯಡಿಕೆ ಕೊಟ್ಟು, ಯಾರ ಮಗನಪ್ಪ ನೀನು, ಒಳ್ಳೆ ಹುಡುಗನ ಹಾಗೆ ಕಾಣ್ತೀಯ ಎಂದು ಕಳಿಸಿದರು. ಅವರು ಮನೆಗೆ ಬಂದು ಹಸುವಿಗೆ ನೀರು ತೋರಿಸಿದರು. ಇಮಾಂ ಸಾಬರು ನಮ್ಮ ಪರವಾಗಿ ಹೋಗಿ ಬಂದು, ಇದು ನ್ಯಾಯಕ್ಕೆ ಸಿಗುವ ವಿಷಯವಲ್ಲ ತಾಯಿ, ಎರಡು ಮನೆಗೂ ನಡುವೆ ಒಂದಾದರೂ ವ್ಯತ್ಯಾಸ ಬೇಕಲ್ಲ ಎಂದು ಕೈಚೆಲ್ಲಿದರು.

ಮನೆ ಬಿಕೋ ಎನ್ನತೊಡಗಿತು. ಸಾರಿಗೆ ಹುಳಿ ಹೆಚ್ಚಾಯಿತು ಎನ್ನುವವರಿಲ್ಲ. ನಾನು ತಪ್ಪು ಮಾಡಿದೆನೋ ಸರಿ ಮಾಡಿದೆನೋ ಗೊತ್ತಾಗದ ಹಾಗಾಯಿತು. ಒಂದು ದಿನ ಬೇಕೆಂದೇ ಒಗ್ಗರಣೆಯ ಬೆಳ್ಳುಳ್ಳಿಯನ್ನು ಸೀಯಿಸಿದೆ, ಗಂಡ ಚೆನ್ನಾಗಿದೆ ಎಂದು ಉಂಡರು. ಆ ಕ್ಷಣ ಅವರನ್ನು ನೋಡಿ ನನಗೆ ಅಳು ಬಂತು. ಬೀದಿಯಲ್ಲಿ ಹೆಂಗಸರು, ಇನ್ನೇನು ಆರಾಮ ಬಿಡು ನಿಂಗೆ ಎಂದು ನಗುತ್ತಿದ್ದರು. ಅತ್ತೆ ಸೊಸೆಯನ್ನು ಬಿಟ್ಟು ಎದ್ದುಹೋದರೆ ಸೊಸೆಗೆ ಎಂಥ ಅವಮಾನ ಎನ್ನುವುದು ಅನುಭವಿಸಿದವರಿಗೇ ಗೊತ್ತು. ಎದ್ದು ಹೋಗುವುದು ನನ್ನ ಹಕ್ಕಾಗಿತ್ತು.

ನಾನು ಮೇಷ್ಟ್ರ ಕಚೇರಿಗೆ ಹೋದೆ. ಕೈಗಳನ್ನು ಮೊದಲಿದ್ದ ಹಾಗೆ ತಿರುಗಿಸಿಕೊಡಿ ಎಂದೆ. ಅವರು ಶಿಸ್ತಿನ ಮೇಲೆ ಒಂದು ಭಾಷಣ ಶುರುಮಾಡಿದರು. ನಡುವೆ ನನ್ನ ಕಣ್ಣು ಒಳಕೋಣೆಯ ಕಡೆ ಹೋಯಿತು. ಅಲ್ಲಿ ಸುತ್ತಿಟ್ಟ ಚಾಪೆ, ಹಗ್ಗದ ಮೇಲೆ ಒಣಗಲು ಹಾಕಿದ್ದ ಒಳ ಅಂಗಿ, ಒಂದು ಬಿಸ್ಕತ್ತಿನ ಡಬ್ಬ. ನಾನು ನೋಡಿದ್ದನ್ನು ಅವರು ನೋಡಿದರು.

“ಮನೆ ಸಿಗ್ತಾ ಇಲ್ಲಮ್ಮ,” ಎಂದರು ಮೇಷ್ಟ್ರು ಸಣ್ಣ ದನಿಯಲ್ಲಿ. “ಎರಡು ಸಲ ಬೇರೆಯವರ ಮನೆ ಬಾಗಿಲು ತಟ್ಟಿದೆ. ಮೂರನೇ ಸಲಕ್ಕೆ ಮರ್ಯಾದೆ ಬಿಡ್ಲಿಲ್ಲ.”

“ಮನೆಯವರನ್ನ ಕೇಳಬಾರದಿತ್ತಾ ಮೇಷ್ಟ್ರೇ?”

“ಅವಳೂ ನನ್ನ ಹುಡುಕಿಕೊಂಡು ಬಂದಿಲ್ವಲ್ಲ,” ಎಂದರು. ಅವರು ಸೀಟಿಯನ್ನು ಸ್ವಲ್ಪ ಹೊತ್ತು ಕೈಯಲ್ಲಿ ಹೊರಳಾಡಿಸಿ, ಆಮೇಲೆ ಎದ್ದು ಹೊರಗೆ ಬಂದು ಊದಿದರು.

ಊರೆಲ್ಲ ಸಾಬರ ಅಂಗಡಿ ಮುಂದೆ ಸೇರಿತು. ಹಳೆಯ ಹಾಗೆ ತಿರುಗಿಸಬೇಕು ಎನ್ನುವುದರಲ್ಲಿ ಎಲ್ಲರದೂ ಒಂದೇ ಮಾತು. ಹಳೆಯ ಹಾಗೆ ಎಂದರೆ ಹೇಗೆ ಎನ್ನುವುದರಲ್ಲಿ ಎಷ್ಟು ಬಾಯಿಯೋ ಅಷ್ಟು ಮಾತು. ಕೆಳಬೀದಿಯಲ್ಲಿ ಹಿಂದೆ ದಿಣ್ಣೆಯೇ ಇತ್ತೆಂದು ಅಲ್ಲಿನವರು ಮಕ್ಕಳ ತಲೆ ಮುಟ್ಟಿ ಹೇಳಿದರು. ತನ್ನ ಹೊಲದಲ್ಲಿ ಹೊಂಡವೇ ಇರಲಿಲ್ಲ ಎಂದು, ಹೊಂಡದ ಮೀನು ಮಾರಿ ಮಗಳ ಮದುವೆ ಮಾಡಿದವನೇ ಹೇಳಿದ. ನಾನೂ ನಮ್ಮ ದಿಣ್ಣೆ ಇದ್ದದ್ದಕ್ಕಿಂತ ಸ್ವಲ್ಪ ಎತ್ತರವೇ ಇತ್ತೆಂದು ಹೇಳಿದೆ. ಕಣ್ಣು ಕಟ್ಟಿ ತಿರುಗಿಸಲಿ ಎಂದರು ಯಾರೋ. ಒಬ್ಬನಿಗೆ ಕಟ್ಟಿ ನೋಡಿದರೆ ಅವನು ಸೀದಾ ಹೋಗಿ ಕೈಯನ್ನು ತನ್ನ ಮಾವನ ಮನೆಗೆ ಬೆನ್ನಾಗುವಂತೆ ನಿಲ್ಲಿಸಿದ. ಕಟ್ಟಿದ್ದು ಆಚೆ ಕಾಣುವಷ್ಟು ತೆಳ್ಳನೆಯ ಮಲ್ಲು ಬಟ್ಟೆಯಾಗಿತ್ತು.

ಆಗ ಸಾಬರು ಹೇಳಿದರು. “ತಾನು ಎಲ್ಲಿ ನಿಂತಿದೀನಿ ಅನ್ನೋದೇ ಗೊತ್ತಿಲ್ಲದೋರು ತಿರುಗಿಸಬೇಕು. ಅಂಥೋರು ಊರಲ್ಲಿ ಒಬ್ಬರೇ ಇರೋದು. ಕಣ್ಣೂ ಕಾಣಲ್ಲ, ತನ್ನ ಮನೆ ಯಾವುದು ಅಂತಾನೂ ಗೊತ್ತಿಲ್ಲ ಅವರಿಗೆ.”

ಎಲ್ಲರೂ ಪಂಕಜಳ ಜಗಲಿಗೆ ಹೋದೆವು. ಅತ್ತೆ ವಿಷಯ ಕೇಳಿ, ಎಲೆಗೆ ಸುಣ್ಣ ಸವರುತ್ತ ಬಹಳ ಹೊತ್ತು ಯೋಚಿಸಿದ ಹಾಗೆ ಮಾಡಿದರು. ಕೈ ಹಿಡಿದು ನಡೆಸುವವರು ಮೇಲ್ಬೀದಿಯವರೂ ಆಗಬಾರದು, ಕೆಳಬೀದಿಯವರೂ ಆಗಬಾರದು ಎಂದು ತೀರ್ಮಾನವಾಯಿತು. ಹಾಗೆ ನೋಡಿದರೆ ಉಳಿದವರು ಮನೆಯೇ ಇಲ್ಲದ ಮೇಷ್ಟ್ರು. ಒಲೆ ಪಕ್ಕದ ಮತ್ತು ಅಂಗಳದ ಸಣ್ಣ ಕೈಗಳನ್ನು ಕೋಳಿಗಳಿಗೆ ಬಿಟ್ಟೆವು. ಸುತ್ತ ಅಕ್ಕಿ ಚೆಲ್ಲಿದರೆ ಕೋಳಿ ಹಾರಿ ಅದರ ಮೇಲೆ ಕೂರುತ್ತದೆ, ಕೈ ಎತ್ತಲೋ ತಿರುಗುತ್ತದೆ. ಕೋಳಿಗೆ ಯಾರ ಮೇಲೂ ಹಗೆಯಿಲ್ಲ.

ಆ ಮೆರವಣಿಗೆಯನ್ನು ನೋಡಬೇಕಿತ್ತು. ಮುಂದೆ ಅತ್ತೆಯ ಕೈ ಹಿಡಿದ ಮೇಷ್ಟ್ರು, ಹಿಂದೆ ಬಾಯಿಗೆ ಸೆರಗು, ಟವೆಲ್ಲು ಮುಚ್ಚಿಕೊಂಡ ಊರು. ದನಿ ಕೇಳಿದರೆ ಅತ್ತೆ ಜಾಗದ ಗುರುತು ಹಿಡಿದುಬಿಡುತ್ತಾರೆಂದು ಯಾರೂ ಮಾತಾಡುವ ಹಾಗಿಲ್ಲ. ಮೇಷ್ಟ್ರು ಒಂದು ಕಂಬಕ್ಕೆ ಹೋಗಲು ಇನ್ನೆಲ್ಲೋ ಸುತ್ತಿಸಿ, ಸಂದಿಗಳಲ್ಲಿ ನುಗ್ಗಿಸಿ, ಕಂಬದ ಮುಂದೆ ಅವರನ್ನು ಗಿರ್ರನೆ ಒಂದು ಸುತ್ತು ತಿರುಗಿಸಿ ನಿಲ್ಲಿಸುತ್ತಿದ್ದರು. ಕೈಗೆ ಹಗ್ಗ ಕಟ್ಟಿ ಕೆಳಗೆ ಬಿಟ್ಟಿದ್ದರು. ಅತ್ತೆ ಹಗ್ಗ ಹಿಡಿದು, ಒಂದು ಸಲ ಕೆಮ್ಮಿ, ಮೈಭಾರವನ್ನೆಲ್ಲ ಹಾಕಿ ಜಗ್ಗುತ್ತಿದ್ದರು. ಕೈ ಕಿರ್ರೆಂದು ತಿರುಗಿ ಎಲ್ಲೋ ನಿಲ್ಲುತ್ತಿತ್ತು. ಮೊದಲನೆಯದು ಓರೆಯಾಗಿ ನಿಂತಾಗ ಮೇಷ್ಟ್ರ ಮುಖ ಹಲ್ಲುನೋವು ಬಂದವರ ಹಾಗಾಯಿತು. ಎರಡನೆಯದು ಅದಕ್ಕೆ ಪೂರ್ತಿ ಬೆನ್ನು ಹಾಕಿ ನಿಂತಿತು. ಅರ್ಧ ಊರು ಮುಗಿಯುವ ಹೊತ್ತಿಗೆ ಅವರು ಕತ್ತು ತಗ್ಗಿಸಿಕೊಂಡೇ ನಡೆಯುತ್ತಿದ್ದರು. ಆದರೂ ಒಂದು ಕಡೆಯೂ ಅತ್ತೆಯ ಹಗ್ಗ ಮುಟ್ಟಲಿಲ್ಲ. ಆ ದಿನದಿಂದ ನನಗೆ ಅವರ ಮೇಲೆ ಗೌರವ ಬಂತು.

ನಮ್ಮ ಮನೆ ಪಕ್ಕದ ಕಂಬ ಬಂತು. ಕೈ ನಮ್ಮ ಕಡೆಗೆ ನಿಂತರೆ ದಿಣ್ಣೆಮನೆ ಮತ್ತೆ ದಿಣ್ಣೆಮನೆ. ಆ ಕಡೆ ನಿಂತರೆ ಮಳೆನೀರಿಗೆಲ್ಲ ನಾವೇ ಬೀಗರು. ನನ್ನ ಗಂಟಲಲ್ಲಿ ಒಂದು ಕೆಮ್ಮು ಎದ್ದು ಕೂತಿತು. ಒಂದೇ ಒಂದು ಸಲ ಕೆಮ್ಮಿದರೆ ಸಾಕು, ನನ್ನ ಕೆಮ್ಮನ್ನು ಅತ್ತೆ ಸಾವಿರದಲ್ಲಿ ಗುರುತು ಹಿಡಿಯುತ್ತಾರೆ. ಅದಕ್ಕೂ ಎಷ್ಟೋ ಸಲ ಬೈಸಿಕೊಂಡಿದ್ದೆ. ಸೆರಗನ್ನು ಬಾಯಿಗೆ ತುರುಕಿಕೊಂಡು ಕಣ್ಣಲ್ಲಿ ನೀರು ತಂದುಕೊಂಡು ನಿಂತೆ. ಪಕ್ಕದಲ್ಲಿ ಪಂಕಜ ನನ್ನ ಬೆನ್ನು ಸವರುತ್ತಿದ್ದಳು. ಅವಳ ಮನೆಯೂ ಅದೇ ಕಂಬದ ಲೆಕ್ಕಕ್ಕೇ ಬರುತ್ತಿತ್ತು, ಅವಳೂ ತುಟಿಪಿಟಕ್ಕೆನ್ನಲಿಲ್ಲ. ಅತ್ತೆ ಹಗ್ಗ ಹಿಡಿದರು. ಉಳಿದ ಕಡೆ ಜಗ್ಗಿದ ಹಾಗೆ ತಟ್ಟನೆ ಜಗ್ಗಲಿಲ್ಲ. ನಿಂತಲ್ಲೇ ಪಾದವನ್ನು ಸ್ವಲ್ಪ ಅತ್ತಿತ್ತ ಆಡಿಸಿ, ಮೂಗನ್ನು ಗಾಳಿಗೆ ಹಿಡಿದು, ಆಮೇಲೆ ಎಳೆದರು. ಕೈ ತಿರುಗಿ, ನಮ್ಮ ಮನೆಗೆ ಚೊಕ್ಕವಾಗಿ ಬೆನ್ನು ಹಾಕಿ, ಕೆಳಬೀದಿಯ ಕಡೆಗೆ ಚಾಚಿ ನಿಂತಿತು.

ಮಾರನೆಯ ಬೆಳಿಗ್ಗೆ ಊರು ಮತ್ತೆ ಓರೆಕೋರೆಯಾಗಿ ಎದ್ದಿತು. ಹಳೆಯ ಊರಂತೂ ಅಲ್ಲ. ಇಲ್ಲದ ಕಡೆ ಗುಡ್ಡ, ಇದ್ದ ಕಡೆ ಹೊಂಡ. ಮೋಡಗಳಲ್ಲಿ ಒಂದು ಇನ್ನೊಂದರ ಹಾಗಿರಲಿಲ್ಲ. ಹಸುವಿನ ಹಣೆಯ ಮೇಲೆ ಮೀಸೆಯ ಹಾಗೆ ಒಂದು ಮಚ್ಚೆ ಮೂಡಿತ್ತು. ಎಲ್ಲರೂ ತಮ್ಮ ತಮ್ಮ ಬಾಗಿಲಲ್ಲಿ ನಿಂತು, ಹೊಸ ಚಪ್ಪಲಿ ಮೆಟ್ಟಿದವರ ಹಾಗೆ ಹುಷಾರಾಗಿ ಕಾಲಿಡುತ್ತಿದ್ದರು. ಮೇಷ್ಟ್ರು ಮನೆಗೆ ಹೋದರೆಂದೂ, ಅವರ ಹೆಂಡತಿ ಬಾಗಿಲು ತೆಗೆದು, ತರಕಾರಿ ಎಲ್ಲಿ ಎಂದು ಕೇಳಿದರೆಂದೂ ಸುದ್ದಿ ಬಂತು. ನಮ್ಮ ಮನೆ ಬೀದಿಯಿಂದ ನೋಡಿದರೆ ಹೆಂಚು ಮಾತ್ರ ಕಾಣುವಷ್ಟು ತಗ್ಗಿಗೆ ಇಳಿದಿತ್ತು.

ನಾನು ಒಲೆ ಮುಂದೆ ಇದ್ದಾಗ ಹೊರಗೆ ಕೋಲಿನ ಸದ್ದು ಕೇಳಿಸಿತು. ತಿರುಗಿ ನೋಡುವುದರೊಳಗೆ ಅತ್ತೆ ಒಳಗೆ ಬಂದು ತಮ್ಮ ಮೂಲೆಯಲ್ಲಿ ಕೂತು, ಬೆಳ್ಳುಳ್ಳಿ ಸೀದಿದೆ ಎಂದರು.

“ಈಗ ಗೊತ್ತಾಯ್ತಾ ಅದು ನಿಮ್ಮನೆ ಅಲ್ಲ ಅಂತ?” ಎಂದೆ.

“ಮೊದಲನೇ ದಿನವೇ ಗೊತ್ತಾಯ್ತು ಕಣೇ. ಸಾರಿಗೆ ಉಪ್ಪು ಸರಿಯಾಗಿತ್ತು.”

“ಗೊತ್ತಿದ್ದೂ ಅಲ್ಲೇ ಕೂತಿದ್ರಾ? ನಾನು ಬಾವಿಯೊಳಗೆಲ್ಲಾ ಬಗ್ಗಿ ನೋಡಿದೀನಿ.”

“ಎರಡು ದಿನ ಇದ್ದು ಬರೋಣ ಅಂದ್ಕೊಂಡೆ. ಒಳ್ಳೆ ಹುಡುಗಿ. ಆದ್ರೆ ಏನು ಹೇಳಿದ್ರೂ ಹೂಂ ಅಂತಾಳೆ. ಬೆಳಿಗ್ಗೆ ಬೇಕು ಅಂತಾನೇ, ನಿಮ್ಮಪ್ಪನ ಮನೇಲಿ ನೀರು ನಿಲ್ತಿತ್ತಾ ಅಂತ ಕೇಳ್ದೆ. ನಿಲ್ತಿತ್ತು ಅಜ್ಜಿ ಅಂದ್ಲು. ಅದ್ರ ಮೇಲೆ ನಾನೇನು ಮಾತಾಡ್ಲಿ?”

ಅವರಿಗೆ ನೀರು ಕೊಟ್ಟೆ. ಕುಡಿಯುವವರೆಗೂ ತಡೆದುಕೊಂಡಿದ್ದು, ಆಮೇಲೆ ಕೇಳಿಯೇಬಿಟ್ಟೆ. ನಮ್ಮ ಕಂಬ ಎನ್ನುವುದೂ ಗೊತ್ತಾಗಿತ್ತೇ ಎಂದು. ಗೊತ್ತಾಗದೆ ಏನು, ಅರ್ಧ ಬೀದಿಗೆ ನಿನ್ನ ಒಗ್ಗರಣೆಯ ವಾಸನೆ ಇತ್ತು ಎಂದರು.

“ಹಾಗಾದ್ರೆ ಯಾಕೆ ಆ ಕಡೆ ತಿರುಗಿಸಿದ್ರಿ? ದಿಣ್ಣೆಮನೆ ದಿಣ್ಣೆಮನೆ ಅಂತ ಜೀವ ಬಿಡ್ತಿದ್ರಲ್ಲ ಅತ್ತೆಮ್ಮ.”

ಅತ್ತೆ ಸೆರಗಿನ ತುದಿಯಿಂದ ಬಾಯಿ ಒರೆಸಿಕೊಂಡರು. “ದಿಣ್ಣೆ ಹತ್ತಕ್ಕೆ ನನ್ ಮಂಡಿ ಕೈಲಾಗಲ್ಲ ಈಗ. ತಗ್ಗಾದ್ರೆ, ಊರಲ್ಲಿ ಎಲ್ಲಿ ಬಿಟ್ರೂ ಕಾಲು ತಾನೇ ಇಳ್ಕೊಂಡು ಮನೆಗೆ ಬರ್ತದೆ,” ಎಂದರು.

ನಾನು ಒಲೆಯ ಕಡೆ ತಿರುಗಿದೆ. ಹೊಗೆ ಜಾಸ್ತಿಯಿತ್ತು. ನನ್ನ ಗಂಡ ಬಾಗಿಲವರೆಗೆ ಬಂದವರು ನಮ್ಮಿಬ್ಬರನ್ನೂ ನೋಡಿ ಬಕೆಟ್ ಎತ್ತಿಕೊಂಡು ಕೊಟ್ಟಿಗೆಗೆ ಹೋದರು.

ಆ ವಾರವೇ ಮಳೆ ಬಂತು. ಮೇಲಿನಿಂದ, ಹಿಂದಿನಿಂದ, ಪಂಕಜಳ ಹಿತ್ತಲಿನಿಂದ, ಇಡೀ ಊರಿನ ನೀರು ದಾರಿ ಕೇಳಿಕೊಂಡು ನಮ್ಮ ನಡುಮನೆಗೆ ಬಂತು. ಪಂಕಜ ಬಿಂದಿಗೆ ಹಿಡಿದು ಓಡಿಬಂದಳು, ನಾವಿಬ್ಬರೂ ಸೀರೆ ಎತ್ತಿ ಕಟ್ಟಿ ಮೊಗೆದೆವು. ಅತ್ತೆ ಮಂಚದ ಮೇಲೆ ಕಾಲು ಮಡಚಿ ಕೂತು, ಆ ಮೂಲೆಯಲ್ಲಿ ಉಳಿದಿದೆ, ಈ ಮೂಲೆಯಲ್ಲಿ ಉಳಿದಿದೆ ಎಂದು ಸದ್ದು ಕೇಳಿಸಿಕೊಂಡು ಹೇಳುತ್ತಿದ್ದರು. ನಿಮ್ಮಪ್ಪನ ಮನೆಯವಳಾದ್ದರಿಂದ ನಿನಗೆ ಇದೆಲ್ಲ ಅಭ್ಯಾಸವಿರಬೇಕಲ್ಲ ಎಂದರು. ನಾನು ಮೊಗೆಯುವುದನ್ನು ನಿಲ್ಲಿಸಿ, ಬಿಂದಿಗೆಯನ್ನು ಪಂಕಜಳ ಕೈಗೆ ಕೊಟ್ಟು, ಮಂಚದ ಮೇಲೆ ಅವರ ಎದುರಿಗೆ ಹತ್ತಿ ಕೂತು ಉತ್ತರ ಹೇಳತೊಡಗಿದೆ.